ಬಾಯಿಯ ಗಂಟಿನೊಳಗಿನ ಹುಳು: ಪತ್ತೆಯ ಕ್ರಮ, ಚಿಕಿತ್ಸೆಯ ಕ್ರಮ

(ಶಿವಮೊಗ್ಗದಲ್ಲಿ ಸಾರ್ವಜನಿಕರು, ದಂತವೈದ್ಯಕೀಯ ವಿದ್ಯಾರ್ಥಿಗಳು ಹಾಗೂ ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಬಾಯಿಯೊಳಗೆ ಒಂದು ಗಂಟು ಕೈಗೆ ಸಿಕ್ಕಿತೆಂದರೆ ಮನೆಯವರ ಮನಸ್ಸು ಮೊದಲು ಹೋಗುವುದು ಕ್ಯಾನ್ಸರಿನ ಕಡೆಗೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ದಿನನಿತ್ಯದ ವಸ್ತುಗಳಾಗಿರುವ ಸೀಮೆಯಲ್ಲಿ ಆ ಭಯ ಅಸಹಜವೇನಲ್ಲ; ಎರಡು ವಾರವಾದರೂ ಮಾಯದ ಹುಣ್ಣನ್ನು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆಯನ್ನು ತೋರಿಸಿಕೊಳ್ಳಲೇಬೇಕೆಂದು ನಾವೇ ಊರೂರಿಗೆ ಹೋಗಿ ಹೇಳುತ್ತೇವೆ. ಇಂದಿನ ಮಾತು ಬೇರೆ ಬಗೆಯ ಗಂಟಿನದು. ಹುಣ್ಣಿಲ್ಲ, ರಕ್ತವಿಲ್ಲ, ಮೇಲಿನ ಪದರ ನಯವಾಗಿ ತನ್ನ ಸಹಜ ಬಣ್ಣದಲ್ಲೇ ಇದೆ. ತುಟಿಯಲ್ಲೋ ಕೆನ್ನೆಯಲ್ಲೋ ನಾಲಿಗೆಯ ಮಾಂಸದೊಳಗೋ ಬೆರಳಿಗೆ ತಾಗುವ, ನೋವಿಲ್ಲದ, ತಿಂಗಳುಗಟ್ಟಲೆ ಹಾಗೆಯೇ ಇರುವ ಒಂದು ಚಿಕ್ಕ ಗಂಟು. ಅದನ್ನು ಬಿಡಿಸಿ ನೋಡಿದಾಗ ಒಳಗೆ ತಿಳಿನೀರು ತುಂಬಿದ ಚೀಲವೂ ಆ ಚೀಲದಲ್ಲಿ ಒಂದು ಮರಿಹುಳುವೂ ಇರುವ ಪ್ರಸಂಗಗಳಿವೆ.

ಇದು ದಿನಕ್ಕೊಂದು ಸಿಗುವ ಕಾಯಿಲೆಯಲ್ಲ; ದಂತವೈದ್ಯರೊಬ್ಬರು ತಮ್ಮ ಇಡೀ ವೃತ್ತಿಜೀವನದಲ್ಲಿ ಕೆಲವನ್ನಷ್ಟೇ ಕಾಣಬಹುದು, ಕಾಣದೆಯೂ ಇರಬಹುದು. ಹಾಗಿದ್ದೂ ಒಂದು ಸಂಜೆಯ ಮಾತಿಗೆ ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗಂಟು ತೆಗೆಯುವುದು ಸುಲಭ, ಹುಳುವಿನ ಮಾತ್ರೆ ಅಗ್ಗ. ಎರಡೂ ತಾಲ್ಲೂಕು ಮಟ್ಟದಲ್ಲೇ ಸಿಗುವಂಥವು. ಆದರೆ ಯಾವುದನ್ನು ಮೊದಲು ಮಾಡಬೇಕು, ಏನನ್ನು ನೋಡಿಕೊಳ್ಳದೆ ಮುಂದುವರಿಯಬಾರದು ಎಂಬ ಕ್ರಮ ತಪ್ಪಿದರೆ ಬಾಯಿಯ ಗಂಟಿಗೆ ಕೊಟ್ಟ ಮಾತ್ರೆಯಿಂದ ಕಣ್ಣಿಗೆ ಅಪಾಯವಾಗಬಹುದು, ಅದುವರೆಗೆ ಸುಮ್ಮನಿದ್ದ ಮಿದುಳಿನಲ್ಲಿ ಫಿಟ್ಸ್ ಏಳಬಹುದು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಕ್ರಮದ ಬಗ್ಗೆ.

ಬಾಯಿ ಮತ್ತು ದವಡೆಯ ಭಾಗದಲ್ಲಿ ಚೀಲ ಕಟ್ಟಿಕೊಳ್ಳುವ ಪರೋಪಜೀವಿಗಳಲ್ಲಿ ಮುಖ್ಯವಾದವು ಎರಡು. ಒಂದು, ಹಂದಿಯ ಮೂಲಕ ಸಾಗುವ ಲಾಡಿಹುಳುವಾದ ಟೀನಿಯಾ ಸೋಲಿಯಮ್‌ನ ಮರಿಹುಳು. ಇದರಿಂದ ಬರುವ ಕಾಯಿಲೆಯೇ ಸಿಸ್ಟಿಸರ್ಕೋಸಿಸ್. ಇನ್ನೊಂದು, ನಾಯಿಯ ಕರುಳಿನಲ್ಲಿರುವ ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳುವಿನ ಮರಿಹಂತದಿಂದ ಆಗುವ ಹೈಡಾಟಿಡ್ ಚೀಲ. ಚೀಲವಲ್ಲದಿದ್ದರೂ ಅದೇ ಜಾಗದಲ್ಲಿ ಗಂಟಾಗಿ ಕಾಣುವ, ಸೊಳ್ಳೆಯಿಂದ ಬರುವ ಡೈರೊಫೈಲೇರಿಯಾ ಎಂಬ ದಾರದಂಥ ಹುಳು ಮೂರನೆಯದು. ಮಾತಿನ ಹೆಚ್ಚಿನ ಪಾಲು ಮೊದಲನೆಯದಕ್ಕೇ ಸಲ್ಲಬೇಕು, ಏಕೆಂದರೆ ಬಾಯಿಯಲ್ಲಿ ನಮಗೆ ಎದುರಾಗುವ ಸಂಭವ ಹೆಚ್ಚಿರುವುದು ಅದೇ.

ಸಿಸ್ಟಿಸರ್ಕೋಸಿಸ್ ಎಂಬ ವರದಿಯನ್ನು ಕೈಗಿತ್ತು, ಇದು ಲಾಡಿಹುಳುವಿನ ಮರಿ ಎಂದು ವಿವರಿಸಿದ ಕೂಡಲೇ ತೀರ್ಥಹಳ್ಳಿ, ಸಾಗರದ ಕಡೆಯ ಅನೇಕ ಮನೆಗಳವರು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ನಾವು ಮೊಟ್ಟೆ ಸಹ ಮುಟ್ಟೋರಲ್ಲ, ಹಂದಿ ಹುಳ ನಮಗೆ ಹ್ಯಾಗೆ ಬಂತು ಮಾರಾಯ್ರೇ?" ಪ್ರಶ್ನೆಯಲ್ಲಿ ಆಶ್ಚರ್ಯದ ಜೊತೆಗೆ ಸ್ವಲ್ಪ ಅವಮಾನವೂ ಇರುತ್ತದೆ, ನೆರೆಹೊರೆಯವರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕಿನಿಂದ ಮುಂದಿನ ಪರೀಕ್ಷೆಗೇ ಬಾರದವರಿದ್ದಾರೆ. ಆದ್ದರಿಂದ ಇದನ್ನು ಬಿಡಿಸಿ ಹೇಳಲೇಬೇಕು.

ಹಂದಿಯ ಮಾಂಸದಲ್ಲಿ ಇರುವುದು ಮರಿಹುಳುವಿನ ಚೀಲ. ಸರಿಯಾಗಿ ಬೇಯದ ಆ ಮಾಂಸವನ್ನು ತಿಂದ ಮನುಷ್ಯನ ಸಣ್ಣ ಕರುಳಿನಲ್ಲಿ ಮರಿ ಬೆಳೆದು ದೊಡ್ಡ ಲಾಡಿಹುಳುವಾಗುತ್ತದೆ. ಉದ್ದ ಸಾಮಾನ್ಯವಾಗಿ 2ರಿಂದ 7 ಮೀಟರ್. ಅವನಿಗೆ ಆಗುವ ತೊಂದರೆ ಬಹಳ ಕಡಿಮೆ, ಹೊಟ್ಟೆಯಲ್ಲಿ ಹುಳುವಿದೆಯೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಆ ಹುಳುವಿನ ಬಲಿತ ತುಂಡುಗಳು ಮಲದ ಜೊತೆ ಹೊರಬೀಳುತ್ತವೆ, ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆಗಳಿರಬಹುದು. ಆ ಮೊಟ್ಟೆಗಳು ಹಂದಿಯ ಹೊಟ್ಟೆ ಸೇರಿದರೆ ಹಂದಿಯ ಮಾಂಸಖಂಡದಲ್ಲಿ ಚೀಲಗಳಾಗುತ್ತವೆ; ಕೈಯ ಮೂಲಕ, ನೀರಿನ ಮೂಲಕ, ಹಸಿ ಸೊಪ್ಪಿನ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ಮನುಷ್ಯನ ದೇಹದಲ್ಲೇ ಚೀಲಗಳಾಗುತ್ತವೆ. ಮೊಟ್ಟೆಯಿಂದ ಹೊರಬಂದ ಸೂಕ್ಷ್ಮ ಭ್ರೂಣ ಕರುಳಿನ ಗೋಡೆಯನ್ನು ತೂರಿ ರಕ್ತದಲ್ಲಿ ಸೇರಿ, ಸ್ನಾಯು, ಚರ್ಮದ ಅಡಿ, ಮಿದುಳು, ಕಣ್ಣು ಹೀಗೆ ರಕ್ತ ಕೊಂಡೊಯ್ದಲ್ಲಿ ನೆಲೆನಿಂತು, ಎರಡು ಮೂರು ತಿಂಗಳಲ್ಲಿ ಒಂದು ಸೆಂಟಿಮೀಟರಿನ ಆಸುಪಾಸಿನ ಚೀಲವಾಗಿ ಬೆಳೆಯುತ್ತದೆ. ಎಂದರೆ, ಹಂದಿಮಾಂಸ ತಿಂದವನಿಗೆ ಬರುವುದು ಕರುಳಿನ ಲಾಡಿಹುಳು. ಗಂಟು ಬರುವುದು ಅಂಥ ಹುಳುವಿರುವ ಮನುಷ್ಯನ ಮಲದ ಅಂಶ ಯಾರ ಬಾಯಿಗೆ ಸೇರಿತೋ ಅವರಿಗೆ. ಅವರು ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂಬುದನ್ನು ಮೊಟ್ಟೆ ವಿಚಾರಿಸುವುದಿಲ್ಲ.

ಇದಕ್ಕೆ ಬಹಳ ಸ್ಪಷ್ಟವಾದ ಸಾಕ್ಷಿ ದೂರದ ನ್ಯೂಯಾರ್ಕಿನದು. ಧರ್ಮದ ಕಟ್ಟಳೆಯಿಂದಲೇ ಹಂದಿಮಾಂಸ ಮುಟ್ಟದ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಲ್ಲಿ ಮಿದುಳಿನ ಸಿಸ್ಟಿಸರ್ಕೋಸಿಸ್ ಕಂಡುಬಂದ ಪ್ರಸಂಗ 1992ರಲ್ಲಿ ಪ್ರಕಟವಾಯಿತು. ಮೂಲವನ್ನು ಹುಡುಕುತ್ತ ಹೋದಾಗ, ಲಾಡಿಹುಳು ಸಾಮಾನ್ಯವಾಗಿರುವ ದೇಶಗಳಿಂದ ಬಂದು ಮನೆಗೆಲಸ ಮಾಡುತ್ತಿದ್ದವರನ್ನು ಪರೀಕ್ಷಿಸಿದರು. ಒಬ್ಬರ ಕರುಳಿನಲ್ಲಿ ಜೀವಂತ ಸೋಂಕು ಇತ್ತು. ಇದನ್ನು ಕೇಳಿ ನಮ್ಮ ತೋಟಕ್ಕೆ, ಮನೆಗೆ ಕೆಲಸಕ್ಕೆ ಬರುವವರ ಮೇಲೆ ಯಾರೂ ಬೆರಳು ತೋರಿಸಬಾರದು. ಹುಳು ಯಜಮಾನರ ಹೊಟ್ಟೆಯಲ್ಲೂ ಇರಬಹುದು, ವಾರಕ್ಕೊಮ್ಮೆ ಹೊರಗೆ ಊಟ ಮಾಡುವ ಮನೆಯ ಹುಡುಗನ ಹೊಟ್ಟೆಯಲ್ಲೂ ಇರಬಹುದು. ಅಡಿಕೆ ಕೊಯ್ಲಿನ ಕಾಲಕ್ಕೆ ಬಂದವರಿಗೆ, ಕಾಫಿ ತೋಟದ ಲೈನ್ ಮನೆಗಳವರಿಗೆ ಶೌಚಾಲಯ ಕಟ್ಟಿಸಿಕೊಡದೆ ಹಳ್ಳದ ದಡವನ್ನೇ ತೋರಿಸಿ, ಅದೇ ಹಳ್ಳದ ಕೆಳಗಿನ ನೀರನ್ನು ಬಳಸುವವರು ನಾವೇ ಆಗಿರುವಾಗ ತಪ್ಪು ಯಾರದೆಂದು ಹೇಳುವುದು ಕಷ್ಟ.

ಮಲೆನಾಡಿನ ಸಂದರ್ಭದಲ್ಲಿ ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಈ ಮೊಟ್ಟೆಗಳು ಒಣಬಿಸಿಲಿಗೆ ಬೇಗ ಸಾಯುತ್ತವೆ, ತೇವವಾದ ತಂಪು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಮಳೆಗಾಲವಿಡೀ ನೆನೆದು ಕೂತಿರುವ ನಮ್ಮ ತೋಟದ ಕಪ್ಪುಗಳಿಗಿಂತ, ಎಂದರೆ ಬಸಿಗಾಲುವೆಗಳಿಗಿಂತ, ಅವಕ್ಕೆ ಒಳ್ಳೆಯ ಜಾಗ ಬೇಕಿಲ್ಲ. ಎರಡನೆಯದಾಗಿ, ಗುಡ್ಡದಿಂದ ಪೈಪಿನಲ್ಲಿ ಇಳಿದುಬರುವ ಅಬ್ಬಿ ನೀರು ನೋಡಲು ಎಷ್ಟು ತಿಳಿಯಾಗಿದ್ದರೂ ಮೂಲದ ಮೇಲ್ಭಾಗದಲ್ಲಿ ಜನವಸತಿಯಿದ್ದರೆ ಅದು ಕುದಿಸದೆ ಕುಡಿಯುವ ನೀರಲ್ಲ; ಸಾಮಾನ್ಯ ಪ್ರಮಾಣದ ಕ್ಲೋರಿನ್ ಈ ಮೊಟ್ಟೆಗಳನ್ನು ಕೊಲ್ಲುವುದೂ ಇಲ್ಲ. ತೋಟದ ತೇವದಲ್ಲಿ ಹಬ್ಬುವ ಒಂದೆಲಗವನ್ನು ಹಸಿಯಾಗಿಯೇ ಅರೆದು ತಂಬುಳಿ ಮಾಡುತ್ತೇವೆ, ವೀಳ್ಯದೆಲೆಯನ್ನು ಪಂಚೆಗೆ ಒರೆಸಿಕೊಂಡು ಬಾಯಿಗಿಡುತ್ತೇವೆ. ತಂಬುಳಿ ಬಿಡಿ ಎಂದು ನಾನು ಹೇಳಲಾರೆ, ನಾನೂ ಬಿಡುವವನಲ್ಲ. ಸೊಪ್ಪನ್ನು ಬಿಡಿ ಬಿಡಿಯಾಗಿ ಹರಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ ಎಂದಷ್ಟೇ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಾದ ಮೇಲೆ ಅಪರೂಪದ ಕಾಯಿಲೆಯೆಂದರೆ ಕಾಡಿನಿಂದ ಬರುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ಮನೆಯ ಅಂಗಳದಿಂದ ಬರುವಂಥದ್ದು.

ಈಗ ಬಾಯಿಗೆ ಬರೋಣ. ಬಾಯಿಯಲ್ಲಿ ಈ ಚೀಲ ಹೆಚ್ಚಾಗಿ ಕಾಣುವುದು ನಾಲಿಗೆ, ತುಟಿ ಮತ್ತು ಕೆನ್ನೆಯ ಒಳಭಾಗದಲ್ಲಿ. ಮುಖದಲ್ಲಿ, ಅಗಿಯುವಾಗ ಕಿವಿಯ ಮುಂದೆ ಗಟ್ಟಿಯಾಗಿ ಉಬ್ಬುವ ಮ್ಯಾಸೆಟರ್ ಸ್ನಾಯುವಿನಲ್ಲಿ. ಎಲ್ಲವೂ ರಕ್ತಸಂಚಾರ ಹೇರಳವಾಗಿರುವ ಮಾಂಸಖಂಡಗಳೇ. ಹುಳು ಬದುಕಿರುವವರೆಗೆ ದೇಹದ ಪ್ರತಿರೋಧವನ್ನು ತಡೆದು ಹಿಡಿದಿರುತ್ತದೆ, ಹಾಗಾಗಿ ನೋವಿಲ್ಲ. ಕೆಲವು ವರ್ಷಗಳ ಮೇಲೆ ಅದು ಸಾಯತೊಡಗಿದಾಗ ಚೀಲದ ದ್ರವ ಸುತ್ತಲಿನ ಮಾಂಸಕ್ಕೆ ಸೋರುತ್ತದೆ, ದೇಹ ಒಮ್ಮೆಲೇ ಎಚ್ಚೆತ್ತುಕೊಳ್ಳುತ್ತದೆ, ಗಂಟು ಕೆಲವೇ ದಿನಗಳಲ್ಲಿ ಊದಿಕೊಂಡು ನೋಯುತ್ತದೆ. ಮ್ಯಾಸೆಟರಿನಲ್ಲಿ ಹೀಗಾದರೆ ಬಾಯಿ ತೆರೆಯುವುದೇ ಕಷ್ಟ. ರೋಗಿ ವೈದ್ಯರ ಬಳಿ ಬರುವುದು ಸಾಮಾನ್ಯವಾಗಿ ಈ ಹಂತದಲ್ಲಿ, ದಾರಿ ತಪ್ಪುವುದೂ ಈ ಹಂತದಲ್ಲೇ. ಕೆನ್ನೆಯ ಊತ, ನೋವು, ಬಾಯಿ ತೆರೆಯಲಾಗದ ಸ್ಥಿತಿ ಕಂಡಾಗ ಹಲ್ಲಿನ ಸೋಂಕೆಂದು ಭಾವಿಸುವುದು ಸಹಜ. ಆಂಟಿಬಯೋಟಿಕ್ ಕೊಡುತ್ತಾರೆ, ಉರಿಯೂತ ತಾನಾಗಿಯೇ ಸ್ವಲ್ಪ ಇಳಿದಾಗ ಮಾತ್ರೆ ಕೆಲಸ ಮಾಡಿತೆಂದು ತೋರುತ್ತದೆ, ಮತ್ತೆ ಊದುತ್ತದೆ, ಕೊನೆಗೆ ಪಾಪದ ಬುದ್ಧಿಹಲ್ಲೊಂದು ಕೀಳಿಸಿಕೊಳ್ಳುತ್ತದೆ. ಊತಕ್ಕೆ ತಕ್ಕಷ್ಟು ಕೆಟ್ಟ ಹಲ್ಲು ಆ ಬದಿಯಲ್ಲಿ ಇಲ್ಲದಿದ್ದರೆ, ಅಥವಾ ಏರುತ್ತ ಇಳಿಯುತ್ತ ಇರುವ ಊತ ಎರಡು ಬಾರಿ ಆಂಟಿಬಯೋಟಿಕ್ ಕಂಡೂ ಮರಳಿದರೆ, ಮೂರನೆಯ ಬಾರಿ ಅದನ್ನೇ ಬರೆಯುವ ಮೊದಲು ಸ್ಕ್ಯಾನ್ ಮಾಡಿಸಬೇಕು.

ನೋವಿಲ್ಲದ ಗಂಟಿನ ವಿಷಯದಲ್ಲಿ ಗೊಂದಲ ಬೇರೆ ತರಹದ್ದು. ಕೆಳತುಟಿಯ ಗಂಟೆಂದರೆ ಮೊದಲು ನೆನಪಾಗುವುದು, ಹಲ್ಲು ತಾಗಿ ಚಿಕ್ಕ ಜೊಲ್ಲುಗ್ರಂಥಿಯ ನಾಳ ಒಡೆದು ಆಗುವ ಮ್ಯೂಕೋಸೀಲ್ ಎಂಬ ಲೋಳೆಗುಳ್ಳೆ. ಹತ್ತರಲ್ಲಿ ಒಂಬತ್ತು ಬಾರಿ ಅಲ್ಲದಿದ್ದರೂ ಬಹಳಷ್ಟು ಬಾರಿ ಅದು ಸರಿಯೇ. ಆದರೆ ಮ್ಯೂಕೋಸೀಲ್ ಮೇಲ್ಪದರದ ಅಡಿಯಲ್ಲೇ ಇದ್ದು ನಸುನೀಲಿಯಾಗಿ ಹೊಳೆಯುತ್ತದೆ, ಒಡೆದು ಮತ್ತೆ ತುಂಬುತ್ತದೆ. ಹುಳುವಿನ ಚೀಲ ಆಳದಲ್ಲಿ ಬಿಗುವಾಗಿ, ಬೆರಳುಗಳ ನಡುವೆ ಜಾರುವಂತೆ ಇರುತ್ತದೆ. ಕೊಬ್ಬಿನ ಗಂಟು, ನಾರುಗಂಟು, ನರದ ಗಂಟು, ಚಿಕ್ಕ ಜೊಲ್ಲುಗ್ರಂಥಿಗಳ ಗೆಡ್ಡೆ, ರಕ್ತನಾಳಗಳ ಗಂಟು, ಕೆನ್ನೆಯೊಳಗಿನ ದುಗ್ಧಗ್ರಂಥಿ ಇವೆಲ್ಲವೂ ಕೈಗೆ ಹೀಗೆಯೇ ಸಿಗಬಹುದು. ಬರೀ ಮುಟ್ಟಿ ನೋಡಿ ಇದು ಹುಳುವೇ ಎಂದು ಖಚಿತವಾಗಿ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಾಗಾದರೆ ಮೊದಲ ಪರೀಕ್ಷೆ ಯಾವುದು? ಸೂಜಿಯೂ ಅಲ್ಲ, ಕತ್ತಿಯೂ ಅಲ್ಲ; ಮೃದು ಭಾಗದ ಗಂಟಿಗೆ ಅಲ್ಟ್ರಾಸೌಂಡ್. ಗರ್ಭಿಣಿಯರಿಗೆ ಮಾಡುವ ಯಂತ್ರವೇ, ಚರ್ಮದ ಹತ್ತಿರದ ವಸ್ತುಗಳನ್ನು ಸೂಕ್ಷ್ಮವಾಗಿ ತೋರಿಸುವ ಹೆಚ್ಚಿನ ಆವರ್ತನದ ಪ್ರೋಬ್ ಅಳವಡಿಸಿದರಾಯಿತು. ಕೆನ್ನೆ ಮತ್ತು ಮ್ಯಾಸೆಟರನ್ನು ಹೊರಗಿನಿಂದ, ನಾಲಿಗೆಯನ್ನು ಗದ್ದದ ಅಡಿಯಿಂದ, ತುಟಿಯನ್ನು ನೇರವಾಗಿ ನೋಡಬಹುದು. ಬದುಕಿರುವ ಚೀಲ ಪರದೆಯ ಮೇಲೆ ಅಂಚು ಸ್ಪಷ್ಟವಾದ, ಒಳಗೆ ಕಪ್ಪಾಗಿರುವ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಅದರ ಒಂದು ಬದಿಯ ಗೋಡೆಗೆ ಅಂಟಿಕೊಂಡಂತೆ ಹೊಳೆಯುವ ಬಿಳಿ ಚುಕ್ಕೆಯೊಂದಿರುತ್ತದೆ. ಆ ಚುಕ್ಕೆಯೇ ಹುಳುವಿನ ತಲೆ, ನಾಲ್ಕು ಹೀರುಬಟ್ಟಲುಗಳೂ ಎರಡು ಸಾಲು ಕೊಕ್ಕೆಗಳೂ ಇರುವ ಸ್ಕೋಲೆಕ್ಸ್. ಚೀಲದೊಳಗೆ ಅದು ಕಂಡರೆ ರೋಗನಿರ್ಣಯ ಬಹುಮಟ್ಟಿಗೆ ಮುಗಿದಂತೆಯೇ.

ಎಲ್ಲ ಬಾರಿಯೂ ಚಿತ್ರ ಇಷ್ಟು ಶುದ್ಧವಾಗಿರುವುದಿಲ್ಲ. ಕೆಲವೊಮ್ಮೆ ಚೀಲದ ಸುತ್ತ ಉರಿಯೂತದ ದಪ್ಪ ಪದರವಿರುತ್ತದೆ. ಕೆಲವೊಮ್ಮೆ ದ್ರವ ಸೋರಿ ಚೀಲ ಮುದುಡಿ, ತಲೆ ಕರಗಿ ಕಾಣದಂತಾಗಿರುತ್ತದೆ. ಇನ್ನು ಕೆಲವೊಮ್ಮೆ ಸ್ನಾಯುವಿನೊಳಗೆ ದೊಡ್ಡ ದ್ರವದ ಶೇಖರಣೆಯಾಗಿ ಕೀವಿನ ಬಾವಿನಂತೆಯೇ ಕಾಣುತ್ತದೆ. ಈ ಕೊನೆಯದೇ ಹೆಚ್ಚು ಮೋಸ ಮಾಡುವುದು: ಕೀವೆಂದು ವರದಿ ಬರೆದು ಕೈಬಿಡದೆ, ಆ ದ್ರವದ ನಡುವೆ ಚಿಕ್ಕ ಚೀಲವೊಂದು ತೇಲುತ್ತಿದೆಯೇ ಎಂದು ತಾಳ್ಮೆಯಿಂದ ಹುಡುಕಬೇಕು. ಆದ್ದರಿಂದ ದಂತವೈದ್ಯರು ಸ್ಕ್ಯಾನಿಗೆ ಚೀಟಿ ಬರೆಯುವಾಗ ಬರೀ "ಕೆನ್ನೆಯ ಊತ" ಎಂದು ಬರೆಯದೆ, ಸಿಸ್ಟಿಸರ್ಕೋಸಿಸ್ ಇರಬಹುದೇ ಎಂಬ ಪ್ರಶ್ನೆಯನ್ನೂ ಬರೆದು ಕಳಿಸಬೇಕು. ಹುಡುಕಲು ಹೇಳಿದ್ದನ್ನು ಕಣ್ಣು ಬೇಗ ಕಾಣುತ್ತದೆ.

ಸತ್ತು ಸುಣ್ಣಗಟ್ಟಿದ ಹಳೆಯ ಚೀಲಗಳು ಎಕ್ಸ್-ರೇಯಲ್ಲಿ, ಸ್ನಾಯುವಿನ ಎಳೆಗಳ ದಿಕ್ಕಿಗೇ ಉದ್ದವಾಗಿ ಮಲಗಿದ ಅಕ್ಕಿಕಾಳುಗಳಂತೆ ಕಾಣುತ್ತವೆ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓ.ಪಿ.ಜಿ. ಎಕ್ಸ್-ರೇಯನ್ನು ಬೇರೆ ಕಾರಣಕ್ಕೆ ತೆಗೆಸಿದಾಗ ಇವು ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವುದುಂಟು. ಅವುಗಳಿಗೆ ಹುಳುವಿನ ಔಷಧ ಬೇಕಿಲ್ಲ, ಸತ್ತದ್ದನ್ನು ಮತ್ತೆ ಕೊಲ್ಲುವುದೇನಿದೆ. ಆದರೆ ಆ ರೋಗಿಗೆ ಎಂದಾದರೂ ಫಿಟ್ಸ್ ಬಂದಿದೆಯೇ, ಬಹುಕಾಲದ ತಲೆನೋವಿದೆಯೇ ಎಂದು ಕೇಳದೆ ಕಳಿಸಬಾರದು.

ಸೂಜಿಯಿಂದ ದ್ರವ ಎಳೆದು ನೋಡುವ ಪರೀಕ್ಷೆಗೆ ಎರಡನೆಯ ಸ್ಥಾನ. ತಿಳಿಯಾದ ದ್ರವ, ಅದರಲ್ಲಿ ಹುಳುವಿನ ಹೊರಪದರದ ಚೂರುಗಳು, ಅದೃಷ್ಟವಿದ್ದರೆ ಕೊಕ್ಕೆಗಳು, ಸುತ್ತ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಸಿಗುತ್ತವೆ. ಸ್ಕ್ಯಾನಿನಲ್ಲಿ ಹೈಡಾಟಿಡ್ ಸಂಶಯವಿದ್ದರೆ ಮಾತ್ರ ಸೂಜಿ ಹಾಕಲೇಬಾರದು, ಕಾರಣವನ್ನು ಮುಂದೆ ಹೇಳುತ್ತೇನೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಗಳಿವೆ. ದೇಹದಲ್ಲಿ ಅನೇಕ ಚೀಲಗಳಿದ್ದಾಗ ಅವು ನೆರವಾಗುತ್ತವೆ, ಒಂದೇ ಚೀಲವಿದ್ದರೆ ಅಥವಾ ಸುಣ್ಣಗಟ್ಟಿದ್ದರೆ ಫಲಿತಾಂಶ ನೆಗೆಟಿವ್ ಬರುವುದು ಸಾಮಾನ್ಯ. ಹಾಗಾಗಿ ರಕ್ತದ ವರದಿಯೊಂದನ್ನೇ ನಂಬಿ ಕಾಯಿಲೆಯಿಲ್ಲವೆಂದು ಹೇಳಲಾಗದು.

ಇಲ್ಲಿಂದ ಮುಂದಿನದು ಇಂದಿನ ಮಾತಿನ ನಡುಗಂಬ. ಬಾಯಿಯಲ್ಲಿ ಹುಳುವಿನ ಚೀಲವಿದೆಯೆಂದು ಖಚಿತವಾಯಿತು. ಆಲ್ಬೆಂಡಜೋಲ್ ಎಂಬ ಮಾತ್ರೆ ಎಲ್ಲ ಔಷಧದಂಗಡಿಗಳಲ್ಲೂ ಇದೆ, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವುದೂ ಅದನ್ನೇ. ತಕ್ಷಣ ಬರೆದುಕೊಟ್ಟರಾಗದೇ? ಆಗದು. ಬಾಯಿಗೆ ಚೀಲವನ್ನು ತಂದ ರಕ್ತವೇ ಮಿದುಳಿಗೂ ಕಣ್ಣಿಗೂ ಹರಿಯುತ್ತದೆ. ಮಾತ್ರೆ ಹುಳುವನ್ನು ಕೊಂದಾಗ ಬಾಯಿಯ ಗಂಟು ಊದುವಂತೆಯೇ ಮಿದುಳಿನಲ್ಲಿ ಗುಪ್ತವಾಗಿರುವ ಚೀಲಗಳ ಸುತ್ತಲೂ ಊತವಾಗುತ್ತದೆ. ಕೆನ್ನೆಯಲ್ಲಿ ಊತಕ್ಕೆ ಜಾಗವಿದೆ, ತಲೆಬುರುಡೆಯೊಳಗೆ ಇಲ್ಲ. ಕಣ್ಣಿನೊಳಗಿನ ಚೀಲ ಮಾತ್ರೆಯಿಂದ ಸತ್ತರೆ ಅಲ್ಲಿನ ಉರಿಯೂತಕ್ಕೆ ದೃಷ್ಟಿಯೇ ಹೋಗಬಹುದು. ಅಂಥ ಚೀಲವನ್ನು ಮೊದಲು ನೇತ್ರ ಶಸ್ತ್ರಚಿಕಿತ್ಸಕರು ತೆಗೆಯಬೇಕು. ಆದ್ದರಿಂದ ಮಾತ್ರೆಯ ಮೊದಲ ಡೋಸಿಗೂ ಮುಂಚೆ ಎರಡು ಕೆಲಸಗಳು ಆಗಿರಬೇಕು: ನೇತ್ರತಜ್ಞರು ಪಾಪೆಯನ್ನು ಹಿಗ್ಗಿಸಿ ಕಣ್ಣಿನ ಒಳಭಾಗವನ್ನು ನೋಡಿರಬೇಕು, ಮಿದುಳಿನ ಎಂ.ಆರ್.ಐ. ಅಥವಾ ಕನಿಷ್ಠ ಸಿ.ಟಿ. ಸ್ಕ್ಯಾನ್ ಆಗಿರಬೇಕು. ನಾಲಿಗೆಯ ಆಳದ ಅಥವಾ ದವಡೆಯ ಮೂಲೆಯ ಗಂಟಿಗೆ ಹೇಗಿದ್ದರೂ ಎಂ.ಆರ್.ಐ. ಮಾಡಿಸುವುದಾದರೆ ಅದೇ ಸಲಕ್ಕೆ ಮಿದುಳನ್ನೂ ಸೇರಿಸಿಬಿಡುವುದು ರೋಗಿಗೆ ಹಣವನ್ನೂ ಇನ್ನೊಂದು ಓಡಾಟವನ್ನೂ ಉಳಿಸುತ್ತದೆ.

ಫಿಟ್ಸ್ ಇಲ್ಲದವರಿಗೆ ಮಿದುಳಿನ ಸ್ಕ್ಯಾನ್ ದುಂದುವೆಚ್ಚವಲ್ಲವೇ ಎಂದು ಕೇಳುವವರಿದ್ದಾರೆ. ಹೊಸನಗರದಿಂದ ಬಸ್ಸು ಹಿಡಿದು ಬಂದ ಕೂಲಿಕಾರರಿಗೆ ಅದರ ಭಾರ ಎಷ್ಟೆಂಬುದು ನನಗೆ ತಿಳಿಯದ ವಿಷಯವಲ್ಲ. ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಹಂದಿಗಳು ಜನರ ನಡುವೆ ಅಡ್ಡಾಡಿಕೊಂಡಿರುವ, ಈ ಸೋಂಕು ನೆಲೆಸಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಶೇಕಡ 30ರಷ್ಟಕ್ಕೆ ಈ ಹುಳುವೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ ಸೇವೆ ಸಲ್ಲಿಸಿ ಊರಿಗೆ ಮರಳಿದ ಬ್ರಿಟಿಷ್ ಸೈನಿಕರೇ ಬಹುಪಾಲಿದ್ದ 450 ರೋಗಿಗಳ ಅಧ್ಯಯನವೊಂದು 1961ರಲ್ಲಿ ಪ್ರಕಟವಾಗಿದೆ. ಸೋಂಕು ತಗುಲಿದ ವರ್ಷಗಳ ನಂತರ ಅವರಲ್ಲಿ ಫಿಟ್ಸ್ ಕಾಣಿಸಿಕೊಂಡಿತ್ತು. ಇಂದು ಫಿಟ್ಸ್ ಇಲ್ಲವೆಂಬುದು ಮಿದುಳಿನಲ್ಲಿ ಚೀಲವಿಲ್ಲವೆಂಬುದಕ್ಕೆ ಪುರಾವೆಯಾಗುವುದಿಲ್ಲ.

ಮಿದುಳು, ಕಣ್ಣು ಎರಡೂ ಶುದ್ಧವಾಗಿದ್ದು, ತುಟಿಯಲ್ಲೋ ಕೆನ್ನೆಯ ಒಳಪದರದಲ್ಲೋ ನಾಲಿಗೆಯ ಮೇಲ್ಭಾಗದಲ್ಲೋ ಒಂದೇ ಚೀಲವಿದ್ದರೆ ಅದನ್ನು ಶಸ್ತ್ರಚಿಕಿತ್ಸೆಯಿಂದ ಇಡಿಯಾಗಿ ತೆಗೆಯುವುದೇ ಒಳ್ಳೆಯದು. ಸ್ಥಳೀಯ ಅರಿವಳಿಕೆ ಸಾಕು. ಮೇಲ್ಪದರವನ್ನು ಬಿಡಿಸಿದಾಗ ಮುತ್ತಿನ ಬಣ್ಣದ ಚೀಲ ತಾನಾಗಿಯೇ ಹೊರಕ್ಕೆ ಜಾರಿ ಬರುವುದುಂಟು. ಅಕಸ್ಮಾತ್ ಒಡೆದರೂ ಸುತ್ತ ಉರಿಯೂತವಾಗಬಹುದೇ ಹೊರತು ಹೊಸ ಚೀಲಗಳು ಹುಟ್ಟುವುದಿಲ್ಲ. ಉಳಿದೆಡೆ ಚೀಲವಿಲ್ಲವೆಂದಾದರೆ ಹಲವರಿಗೆ ಇಷ್ಟೇ ಚಿಕಿತ್ಸೆ. ಮ್ಯಾಸೆಟರಿನ ಆಳದ ಚೀಲದ ಕಥೆ ಬೇರೆ: ಅಲ್ಲಿ ಮುಖದ ನರದ ಕವಲುಗಳು ಹಾಯುತ್ತವೆ, ಕತ್ತಿಯಿಂದ ಆಗುವ ಹಾನಿ ಹುಳುವಿನಿಂದ ಆಗುವುದಕ್ಕಿಂತ ಹೆಚ್ಚಾಗಬಹುದು. ಅಂಥಲ್ಲಿ ಆಲ್ಬೆಂಡಜೋಲನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ಹೊತ್ತಿಗೆ ಹಂಚಿ, ಸಾಮಾನ್ಯವಾಗಿ 2ರಿಂದ 4 ವಾರ ಕೊಡಲಾಗುತ್ತದೆ. ಅದರಿಂದೇಳುವ ಉರಿಯೂತವನ್ನು ಅಂಕೆಯಲ್ಲಿಡಲು ಪ್ರೆಡ್ನಿಸೊಲೋನಿನಂಥ ಸ್ಟೆರಾಯ್ಡ್ ಜೊತೆಗಿರುತ್ತದೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಬಾರದು. ತುಪ್ಪವೋ ಕೊಬ್ಬರಿ ಎಣ್ಣೆಯೋ ಇರುವ ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆ. ಯಕೃತ್ತಿನ ಪರೀಕ್ಷೆ ಮತ್ತು ರಕ್ತಕಣಗಳ ಎಣಿಕೆಯನ್ನು ನಡುನಡುವೆ ನೋಡಬೇಕು, ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಕೊಡಬಾರದು. ಶಾಲೆಯಲ್ಲಿ ಕೊಡುವ 400 ಮಿಲಿಗ್ರಾಮಿನ ಒಂದು ಮಾತ್ರೆ ಕರುಳಿನ ಜಂತುಹುಳುಗಳಿಗೆ. ಅದನ್ನು ನುಂಗಿದ್ದರಿಂದ ಮಾಂಸದೊಳಗಿನ ಚೀಲ ಕರಗುತ್ತದೆಂದು ಯಾರೂ ಕಾಯಬಾರದು. ಈ ಪ್ರಮಾಣಗಳನ್ನು ಇಲ್ಲಿ ಹೇಳಿದ್ದು ವೈದ್ಯರು ಕೊಟ್ಟ ಚೀಟಿ ನಿಮಗೆ ಅರ್ಥವಾಗಲೆಂದು, ನೀವೇ ಔಷಧದಂಗಡಿಗೆ ಹೋಗಲೆಂದಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಬಾಯಿಯಿಂದ ತೆಗೆದ ಯಾವ ಗಂಟನ್ನೂ, ಎಷ್ಟೇ ಸಾಧಾರಣವಾಗಿ ಕಂಡರೂ, ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಿ. ತುಟಿಯ ಗುಳ್ಳೆ ತಾನೇ ಎಂದು ತೆಗೆದು ಕಸದ ಬುಟ್ಟಿಗೆ ಹಾಕುವ ಅಭ್ಯಾಸ ಚಿಕ್ಕ ಕ್ಲಿನಿಕ್ಕುಗಳಲ್ಲಿ ಇದೆ, ಹಣ ಉಳಿಸಲು ರೋಗಿಯೂ ಒಪ್ಪುತ್ತಾನೆ. ಸೂಕ್ಷ್ಮದರ್ಶಕದಲ್ಲಿ ಅಲೆಯಲೆಯಾದ ಗುಲಾಬಿ ಪೊರೆ, ಒಳಕ್ಕೆ ಮಡಚಿಕೊಂಡ ಕಾಲುವೆಗಳು, ಕೊಕ್ಕೆಗಳಿರುವ ತಲೆ ಇವನ್ನು ಕಂಡು ರೋಗಶಾಸ್ತ್ರಜ್ಞರು ವರದಿ ಬರೆದರೆ ಮಾತ್ರ ಆ ರೋಗಿಯ ಮಿದುಳನ್ನು ನೋಡಬೇಕೆಂಬ ಯೋಚನೆ ಬರುತ್ತದೆ. ತುಣುಕು ಬುಟ್ಟಿ ಸೇರಿದರೆ ಗಾಯ ಮಾಯುತ್ತದೆ, ರೋಗಿಗೂ ವೈದ್ಯರಿಗೂ ಸಮಾಧಾನವಾಗುತ್ತದೆ, ಐದು ವರ್ಷಗಳ ಮೇಲೆ ಫಿಟ್ಸ್ ಬಂದಾಗ ಆ ಗುಳ್ಳೆಯನ್ನು ಯಾರೂ ನೆನೆಯುವುದಿಲ್ಲ.

ಇನ್ನು ಹೈಡಾಟಿಡ್. ನಾಯಿಯ ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ಕುರಿ, ಮೇಕೆ, ದನಗಳಿಗೆ ಸೇರಿ ಅವುಗಳ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಚೀಲಗಳಾಗುತ್ತವೆ. ಆ ಅಂಗಗಳನ್ನು ಕಡಿದು ನಾಯಿಗೆ ಎಸೆದಾಗ ಚಕ್ರ ಪೂರ್ಣವಾಗುತ್ತದೆ. ಮನುಷ್ಯ ನಡುವೆ ಸಿಕ್ಕಿಕೊಂಡವನು. ಅವನಲ್ಲೂ ಚೀಲ ಹೆಚ್ಚಾಗಿ ಆಗುವುದು ಯಕೃತ್ತಿನಲ್ಲಿ, ನಂತರ ಶ್ವಾಸಕೋಶದಲ್ಲಿ. ಮುಖ, ದವಡೆ, ಜೊಲ್ಲುಗ್ರಂಥಿಗಳಲ್ಲಿ ಬಹಳ ಅಪರೂಪ. ಜಿಲ್ಲೆಯ ಪೂರ್ವದ ಬಯಲು ಭಾಗದಲ್ಲಿ ಗೊಬ್ಬರಕ್ಕಾಗಿ ಹೊಲಗದ್ದೆಗಳಲ್ಲಿ ಕುರಿಮಂದೆ ನಿಲ್ಲಿಸುವ ವಾಡಿಕೆಯಿದೆ, ಮಂದೆಯೆಂದ ಮೇಲೆ ನಾಯಿಗಳೂ ಇರುತ್ತವೆ. ಆದ್ದರಿಂದ ಅಪರೂಪವೆಂದು ಪಟ್ಟಿಯಿಂದಲೇ ಕೈಬಿಡಲಾಗದು.

ದವಡೆಯ ಮೂಳೆಯೊಳಗೆ ಈ ಚೀಲ ಬೆಳೆದಾಗ ಗುರುತಿಸುವುದು ನಿಜಕ್ಕೂ ಕಷ್ಟ. ಯಕೃತ್ತಿನಲ್ಲಿ ದೇಹವು ಚೀಲದ ಸುತ್ತ ನಾರಿನ ಗೋಡೆ ಕಟ್ಟಿ ಅದನ್ನು ದುಂಡಗೆ ಇಡುತ್ತದೆ. ಮೂಳೆಯಲ್ಲಿ ಅಂಥ ಗೋಡೆಯಿಲ್ಲದೆ ಅದು ಮಜ್ಜೆಯ ಸಂದುಗಳಲ್ಲಿ ಸಿಕ್ಕ ಕಡೆ ನುಗ್ಗುತ್ತದೆ. ಎಕ್ಸ್-ರೇಯಲ್ಲಿ ಹಲವು ಗುಳ್ಳೆಗಳ ಗುಂಪಿನಂತೆ ಕಾಣುವ ಈ ಚಿತ್ರ ಅಮೆಲೋಬ್ಲಾಸ್ಟೋಮಾ ಎಂಬ ದವಡೆಯ ಗೆಡ್ಡೆಯನ್ನೇ ಹೋಲುತ್ತದೆ, ಮತ್ತು ಅದೇ ಹೆಚ್ಚು ಸಾಮಾನ್ಯವಾದ್ದರಿಂದ ವೈದ್ಯರ ಮನಸ್ಸು ಅಲ್ಲೇ ನಿಲ್ಲುತ್ತದೆ. ದವಡೆ ನಿಧಾನವಾಗಿ ಉಬ್ಬುವುದು, ಹಲ್ಲುಗಳು ಸಡಿಲವಾಗುವುದು, ತುಟಿ ಜೋಮು ಹಿಡಿಯುವುದು ಎರಡರಲ್ಲೂ ಉಂಟು. ಕುರಿ, ನಾಯಿಗಳ ಒಡನಾಟವಿರುವ ರೋಗಿಯಲ್ಲಿ ಇಂಥ ಚಿತ್ರ ಕಂಡರೆ ದವಡೆಯನ್ನು ಮುಟ್ಟುವ ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಎದೆಯ ಎಕ್ಸ್-ರೇ ಮಾಡಿಸುವುದು ಅಗ್ಗದ ಜಾಣತನ. ಅಲ್ಲೊಂದು ಚೀಲ ಸಿಕ್ಕರೆ ದವಡೆಯದು ಏನೆಂಬುದಕ್ಕೆ ಬಲವಾದ ಸುಳಿವು ಸಿಕ್ಕಂತಾಯಿತು.

ಸೂಜಿ ಬೇಡವೆಂದು ಹೇಳಿದ್ದು ಇದಕ್ಕಾಗಿ: ಹೈಡಾಟಿಡ್ ಚೀಲದ ದ್ರವ ಹೊರಚೆಲ್ಲಿದರೆ ತೀವ್ರ ಅಲರ್ಜಿಯಿಂದ ರೋಗಿಯ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು, ಬದುಕುಳಿದರೂ ದ್ರವದಲ್ಲಿರುವ ಸೂಕ್ಷ್ಮ ತಲೆಗಳು ಬಿದ್ದಲ್ಲೆಲ್ಲ ಹೊಸ ಚೀಲಗಳು ಹುಟ್ಟಬಹುದು. ಯಕೃತ್ತಿನ ಕೆಲವು ಬಗೆಯ ಚೀಲಗಳಿಗೆ ಸೂಜಿಯಿಂದಲೇ ಚಿಕಿತ್ಸೆ ಮಾಡುವ ವಿಧಾನವಿದೆ, ಅದು ಪೂರ್ವಸಿದ್ಧತೆಯೊಂದಿಗೆ ಪರಿಣತರು ಮಾಡುವ ಕೆಲಸ, ದಂತವೈದ್ಯರ ಕುರ್ಚಿಯ ಮೇಲೆ ಅಲ್ಲ. ಮೃದು ಭಾಗದಲ್ಲಿದ್ದರೆ ಚೀಲವನ್ನು ಒಡೆಯದೆ ಇಡಿಯಾಗಿ ತೆಗೆಯಬೇಕು, ಸುತ್ತಲಿನ ಜಾಗವನ್ನು ಗಾಢ ಉಪ್ಪುದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಮುಚ್ಚಿ ಕಾಪಾಡಬೇಕು, ಅರಿವಳಿಕೆ ತಜ್ಞರ ಕೈಯಲ್ಲಿ ಅಡ್ರಿನಲಿನ್ ಸಿದ್ಧವಿರಬೇಕು. ಮೂಳೆಯಲ್ಲಾದರೆ ಆರೋಗ್ಯವಂತ ಅಂಚಿನೊಂದಿಗೆ ಆ ಭಾಗವನ್ನೇ ತೆಗೆಯಬೇಕಾಗುತ್ತದೆ. ಆಲ್ಬೆಂಡಜೋಲನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭಿಸಿ ನಂತರವೂ ಮುಂದುವರಿಸುತ್ತಾರೆ. ವರ್ಷಗಟ್ಟಲೆ ಮರುಪರೀಕ್ಷೆ ತಪ್ಪದು.

ಡೈರೊಫೈಲೇರಿಯಾದ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ನಾಯಿಗಳಲ್ಲಿರುವ ಈ ಹುಳುವನ್ನು ಸೊಳ್ಳೆ ಮನುಷ್ಯನಿಗೆ ದಾಟಿಸುತ್ತದೆ. ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಕೆನ್ನೆ, ತುಟಿ, ಕಣ್ಣೆವೆಗಳಲ್ಲಿ ಇದು ಸಿಕ್ಕಿದೆ. ಊತ ಒಂದು ವಾರ ಇಲ್ಲಿ, ಇನ್ನೊಂದು ವಾರ ಸ್ವಲ್ಪ ಆಚೆ ಇತ್ತೆಂದು ರೋಗಿ ಹೇಳಿದರೆ ನಗಬೇಡಿ, ಹುಳು ನಿಜಕ್ಕೂ ಸರಿದಾಡುತ್ತದೆ. ಅಲ್ಟ್ರಾಸೌಂಡಿನಲ್ಲಿ ಅದರ ಚಲನೆಯೇ ಕಾಣಬಹುದು. ಗಂಟನ್ನು ತೆರೆದು ಹುಳುವನ್ನು ಹೊರತೆಗೆದರೆ ಪತ್ತೆಯೂ ಚಿಕಿತ್ಸೆಯೂ ಒಟ್ಟಿಗೇ ಮುಗಿಯುತ್ತದೆ, ಸಾಮಾನ್ಯವಾಗಿ ಬೇರೆ ಔಷಧ ಬೇಕಾಗುವುದಿಲ್ಲ.

ಕೊನೆಯದಾಗಿ, ಆಶಾ ಕಾರ್ಯಕರ್ತೆಯರಾದ ನಮ್ಮ ಅಕ್ಕಂದಿರ ಪಾಲಿನ ಕೆಲಸ. ಯಾರ ಬಾಯಲ್ಲಾದರೂ ಸಿಸ್ಟಿಸರ್ಕಸ್, ಎಂದರೆ ಈ ಲಾಡಿಹುಳುವಿನ ಮರಿಯ ಚೀಲ, ಸಿಕ್ಕಿದ ವರದಿ ಬಂದರೆ ಆ ಮನೆಯಲ್ಲಿ ಅಥವಾ ಹತ್ತಿರದಲ್ಲಿ ಲಾಡಿಹುಳು ಹೊತ್ತಿರುವ ಯಾರಾದರೂ ಇರುವ ಸಾಧ್ಯತೆಯಿದೆ; ಅದು ರೋಗಿಯೇ ಆಗಿರಬಹುದು, ಬಹಳ ಸಲ ಆಗಿರುವುದಿಲ್ಲ. ಮನೆಯ ಎಲ್ಲರ, ಅಡುಗೆ ಮಾಡುವವರನ್ನೂ ಸೇರಿಸಿ, ಮಲಪರೀಕ್ಷೆ ಮಾಡಿಸಬೇಕು. ಮೊಟ್ಟೆಗಳು ದಿನವೂ ಬೀಳದಿರುವುದರಿಂದ ಬೇರೆ ಬೇರೆ ದಿನದ ಮೂರು ಮಾದರಿಗಳು ಬೇಕು. ದನದ ಮಾಂಸದಿಂದ ಬರುವ ಲಾಡಿಹುಳುವಿನ ಮೊಟ್ಟೆಯೂ ಸೂಕ್ಷ್ಮದರ್ಶಕದಲ್ಲಿ ಹೀಗೆಯೇ ಕಾಣುತ್ತದೆ. ಪ್ರಯೋಗಾಲಯ ಟೀನಿಯಾ ಎಂದಷ್ಟೇ ಬರೆದರೂ ಚಿಕಿತ್ಸೆ ಕೊಡಿಸಲು ಅದು ಸಾಕು. ಹುಳು ಹೊತ್ತವರಿಗೆ ವೈದ್ಯರು ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟೆಲನ್ನು ಒಂದೇ ಸಲಕ್ಕೆ ಕೊಡುತ್ತಾರೆ. ಮೊದಲನೆಯದು ಕರುಳಿನಲ್ಲೇ ಉಳಿಯುತ್ತದೆ. ಎರಡನೆಯದು ರಕ್ತಕ್ಕೆ ಸೇರುವುದರಿಂದ ಮಿದುಳಿನಲ್ಲಿ ಅರಿವಿಲ್ಲದ ಚೀಲವಿದ್ದರೆ ಅದನ್ನು ಕೆಣಕಬಹುದು. ಆದ್ದರಿಂದ ಆ ಮನೆಯಲ್ಲಿ ಯಾರಿಗಾದರೂ ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಕೇಳಿ, ಉತ್ತರವನ್ನು ಮಲಪರೀಕ್ಷೆಯ ಚೀಟಿಯ ಮೇಲೆಯೇ ಬರೆದು ವೈದ್ಯರಿಗೆ ತಲುಪಿಸಿ.